ಏಳಬಾರದಿದ್ದ ಮುಳ್ಳು

ಬಾಬಣ್ಣನವರ ಗಾಡಿಯ ಸೀಟಿನಡಿಗೆ ಕೈ ಹಾಕಿದಾಗ ಪೆಟ್ರೋಲ್ ಟ್ಯಾಂಕಿನಿಂದ ಮೀಟರಿಗೆ ಹೋಗುವ ವಯರು ಸಿಕ್ಕಿತು. ಅದು ತುಂಡಾಗಿರಲಿಲ್ಲ. ಯಾರೋ ಬಿಚ್ಚಿ, ತುದಿಗೆ ಬಟ್ಟೆ ಸುತ್ತಿ, ಬಲೆ ಹೆಣೆಯುವ ನೂಲಿನಿಂದ ಬಿಗಿಯಾಗಿ ಕಟ್ಟಿದ್ದರು. ಆ ಗಂಟು ಬಿಚ್ಚಲು ನನಗೆ ಕಾಲು ಗಂಟೆ ಹಿಡಿಯಿತು.

ಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿದ್ದುದು ಕೂಪನ್ನಿಗೆ ಮಾತ್ರ, ಅದೂ ಅಳೆದು. ಮಣ್ಣಗುಡ್ಡದಲ್ಲಿ ನಮ್ಮ ನೆರೆಯವರಾಗಿದ್ದ ಬಾಬಣ್ಣ ಹಳೆಯ ಪಿಕಪ್ಪಿನಲ್ಲಿ ಬಂದರಿನಿಂದ ಮೀನು ಸಾಗಿಸುತ್ತಿದ್ದರು. ಪೆಟ್ರೋಲ್ ಮೀಟರಿನ ಮುಳ್ಳು ಸದಾ ಸೊನ್ನೆಯಲ್ಲಿ ಮಲಗಿದ್ದರೂ ಗಾಡಿ ಓಡುತ್ತಲೇ ಇತ್ತು. ಮುಳ್ಳು ಕೆಟ್ಟಿದೆ ಎಂದು ಕೊನೆಗೂ ನನಗೆ ಹೊಳೆಯಿತು. ಮೋಟಾರಿನ ವಿಷಯ ಬಲ್ಲೆನೆಂಬ ಜಂಬ ಬೇರೆ; ಅವರು ಊಟಕ್ಕೆ ಹೋದಾಗ ಕೇಳದೆಯೇ ರಿಪೇರಿಗೆ ಇಳಿದಿದ್ದೆ.

ವಯರು ಜೋಡಿಸಿ ಕೀಲಿ ತಿರುಗಿಸಿದೆ. ಮುಳ್ಳು ಮುಕ್ಕಾಲಿಗೆ ಏರಿತು.

"ಬಾಬಣ್ಣ, ಬನ್ನಿ, ಮುಳ್ಳು ಸರಿಯಾಯ್ತು!" ಎಂದು ಕೂಗಿದೆ.

ಅವರು ಎಂಜಲು ಕೈಯಲ್ಲೇ ಓಡಿ ಬಂದರು. "ಎಂತ ಮಾಡಿದ್ರಿ ಮಾರಾಯ್ರೆ! ಅದನ್ನು ಮಲಗಿಸಿದ್ದೇ ನಾನು. ದಿನಾ ಯಾರಾದ್ರೂ ಪೆಟ್ರೋಲ್ ಕೇಳಿಕೊಂಡು ಬರ್ತಾರೆ. ಬಾಯಿ ಬಿಟ್ಟು ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಮುಳ್ಳು ತೋರಿಸಿದ್ರೆ ಅವರೇ ಹೋಗ್ತಾರೆ."

ನಾನು ವಯರನ್ನು ಮತ್ತೆ ಬಿಚ್ಚಿದೆ. ಬಾಬಣ್ಣ ಕೈ ತೊಳೆದು ಬಂದು ಗಂಟು ಹಾಕಿದರು. ಅವರಿಗೆ ಅರೆ ನಿಮಿಷವೂ ಬೇಕಾಗಲಿಲ್ಲ.

ಹಿಂದಿನ ತಿಂಗಳಷ್ಟೇ ನನ್ನ ಮೋಟಾರ್ ಸೈಕಲ್ಲಿಗೆ ಒಂದು ಬಾಟಲಿ ಪೆಟ್ರೋಲ್ ಕೇಳಿದ್ದೆ. ಬಾಬಣ್ಣ ಒಂದು ಮಾತೂ ಆಡದೆ ಮುಳ್ಳಿನತ್ತ ಬೆರಳು ತೋರಿಸಿದ್ದರು. ಪಾಪ, ಇವರಿಗೇ ಇಲ್ಲವಲ್ಲ ಎಂದು ಮರುಗಿ, ಅವರ ಬೆನ್ನು ತಟ್ಟಿ ಸಮಾಧಾನ ಹೇಳಿ, ಐದಾರು ಮೈಲು ದೂರದ ವಾಮಂಜೂರಿನವರೆಗೆ ನಾನು ನಡೆದೇ ಹೋಗಿದ್ದೆ.