ದೋಣಿಯಕ್ಕನ ಆಚೆ ದಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆಯ ಮೇಲೆ ಮಂಜು ಕೂತಿದೆ. ಅದರೊಳಗಿಂದ ಪರಪರ ಸದ್ದು ಬರುತ್ತಿದೆ, ಯಾರೋ ಹಳೇ ಬಟ್ಟೆ ಹರಿಯುತ್ತಿರುವ ಹಾಗೆ. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕೆಸರಲ್ಲಿ ಕಾಲು ಹೂತುಕೊಂಡು, ಇಷ್ಟು ಬೇಗ ಬಂದದ್ದೇ ತಪ್ಪಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಮಂಜಿನೊಳಗಿಂದ ಹೆಣ್ಣುದನಿಯೊಂದು ಕೇಳುತ್ತದೆ.

"ಪೇಪರ್‌ನವರಾ? ಅಲ್ಲೇ ನಿಂತ್ಕೊಳ್ಳಿ. ಇನ್ನೊಂದು ಹೆಜ್ಜೆ ಮುಂದಿಟ್ರೆ ನಿಮ್ಮನ್ನೂ ಕೊಕ್ಕೆ ಹಾಕಿ ಎಳೀಬೇಕಾಗುತ್ತೆ."

ಮಂಜು ತೆಳುವಾದ ಮೇಲೆ ಆಕೆ ಕಾಣಿಸುತ್ತಾರೆ. ಚಪ್ಪಟೆ ತಳದ ದೋಣಿಯ ಮೂತಿಯಲ್ಲಿ ಕಾಲಗಲಿಸಿ ನಿಂತಿದ್ದಾರೆ. ವಯಸ್ಸು ಅರವತ್ತರ ಆಸುಪಾಸು. ತಲೆಗೆ ಬಿಗಿದ ಟವೆಲ್ಲು. ಕೈಯಲ್ಲಿ ಆಳೆತ್ತರ ಮೀರಿದ ಕೋಲು, ಅದರ ತುದಿಗೆ ಕಟ್ಟಿದ ಕುಡುಗೋಲು. ಸುತ್ತ ನೀರಿಲ್ಲ, ಅಂದರೆ ಇದೆ, ಕಾಣುವುದಿಲ್ಲ. ಕಣ್ಣು ಹಾಯುವಷ್ಟು ದೂರವೂ ನೇರಳೆ ಹೂವಿನ ನೀರುಕಳೆ ಹಾಸಿಕೊಂಡಿದೆ. ದೂರದಿಂದ ಬಂದವರು 'ಆಹಾ, ಎಷ್ಟು ಚೆಂದ' ಎಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಾನೂ ತೆಗೆದೆ, ಸುಳ್ಳೇಕೆ ಹೇಳಲಿ. ಆಕೆ ಕುಡುಗೋಲನ್ನು ಕಳೆಯೊಳಗೆ ಇಳಿಸಿ, ಮೈಭಾರ ಹಾಕಿ ಎಳೆಯುತ್ತಾರೆ. ಒಂದಕ್ಕೊಂದು ಹೆಣೆದುಕೊಂಡ ಬೇರು ಪರಪರ ಹರಿಯುತ್ತದೆ. ಚಾಪೆಯಗಲದ ತುಂಡು ಬಿಟ್ಟುಕೊಂಡು ತೇಲತೊಡಗಿದರೆ, ಅದಕ್ಕೆ ಹಗ್ಗದ ಕೊಕ್ಕೆ ಸಿಕ್ಕಿಸಿ ಹಿಂದಿನ ದೋಣಿಗೆ ದಾಟಿಸುತ್ತಾರೆ. ಹಿಂದೆ ಇನ್ನೂ ಮೂರು ದೋಣಿಗಳಿವೆ. ಬಿಸಿಲೇರುವುದರೊಳಗೆ ಇಪ್ಪತ್ತು ಇಪ್ಪತ್ತೈದು ತುಂಡಾದರೂ ದಡ ಸೇರಬೇಕು. ಆಮೇಲೆ ಗಾಳಿ ಏಳುತ್ತದೆ, ಬಿಡಿಸಿದ ಜಾಗಕ್ಕೆ ಅಕ್ಕಪಕ್ಕದ ಕಳೆ ಬಂದು ಕೂತುಕೊಳ್ಳುತ್ತದೆ.

ಊರಿಗೆಲ್ಲ ಈಕೆ ದೋಣಿಯಕ್ಕ. ಚಿಕ್ಕವರಿಗೂ ಅಕ್ಕ, ತಮಗಿಂತ ಹಿರಿಯರಿಗೂ ಅಕ್ಕ. ಈಕೆಯನ್ನು ತಂಗಿ ಎಂದು ಕರೆಯುವ ಜೀವ ಭೂಮಿಯ ಮೇಲೆ ಒಂದೇ ಒಂದು ಉಳಿದಿದೆ. ಅದು ಈ ಕೆರೆಯ ಆಚೆ ದಡದಲ್ಲಿದೆ. ಇವರ ಕಥೆ ಇರುವುದೇ ಅಲ್ಲಿ.

ಇವರ ಅಪ್ಪ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದರು. ಅಪ್ಪನ ತೋಳು ಸೋತ ಮೇಲೆ ಹುಟ್ಟು ಈಕೆಯ ಕೈಗೆ ಬಂತು. ಅಕ್ಕನನ್ನು ಆಚೆ ದಡಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ನೀರಿಗೆ ಇಳಿಯುವ ಮೆಟ್ಟಿಲ ಪಕ್ಕದಲ್ಲೇ ಅವಳ ಮನೆ, ಕೆರೆಯ ಕಡೆಗೆ ಸುಣ್ಣ ಬಳಿದ ಗೋಡೆ. ಆ ಬಿಳಿ ಗೋಡೆಗೆ ದೋಣಿಯ ಮೂತಿ ಹಿಡಿದರೆ ಸಾಕು, ದಾರಿ ತಪ್ಪುವ ಮಾತೇ ಇಲ್ಲ. ಅಕ್ಕ ಏನಾದರೂ ವಿಶೇಷ ಅಡುಗೆ ಮಾಡಿದ ದಿನ ಮೆಟ್ಟಿಲ ಮೇಲೆ ನಿಂತು ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದಳಂತೆ. ಬರಿನೀರಿನ ಮೇಲೆ ಆ ಸದ್ದು ಜಾರಿಕೊಂಡು ಈಚೆ ದಡಕ್ಕೆ ಬರುತ್ತಿತ್ತು.

"ಗಿರಾಕಿ ಇರ್ಲಿ ಬಿಡ್ಲಿ, ತಟ್ಟೆ ಸದ್ದು ಕೇಳಿದ್ರೆ ನಾನು ಹೊರಟೆ ಅಂತಲೇ ಲೆಕ್ಕ. ಕೆಲವು ಸಲ ದೋಣೀಲಿ ಕೂತೋರು 'ನಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀಯಮ್ಮ' ಅಂತ ಕೂಗಾಡಿದ್ದೂ ಉಂಟು" ಎಂದು ನಗುತ್ತಾರೆ.

ಆಮೇಲೆ ಕಳೆ ಬಂತು. ಮೇಲಿನ ಪಟ್ಟಣದ ಕೊಳಚೆ ಬಂತು, ಹೊಲಗಳ ಗೊಬ್ಬರ ತೊಳೆದುಕೊಂಡು ಬಂತು, ಅದನ್ನೆಲ್ಲ ತಿಂದು ಕಳೆ ಕೊಬ್ಬಿತು. ಮೊದಮೊದಲು ಹುಟ್ಟಿಗೆ ತೊಡರುತ್ತಿದ್ದದ್ದು, ಎರಡು ಮೂರು ವರ್ಷದಲ್ಲಿ ದೋಣಿಯನ್ನೇ ಹಿಡಿದು ನಿಲ್ಲಿಸಿಬಿಟ್ಟಿತು. ಮೀನು ಸತ್ತವು. ಮೀನುಗಾರರು ಬಲೆ ಮಡಚಿಟ್ಟು ರಸ್ತೆ ಕೆಲಸಕ್ಕೆ ಹೋದರು. ದೋಣಿಯಕ್ಕನ ಮಗಳು, ಅಳಿಯ ಕೂಡ ಹಾಗೆ ಹೋದವರೇ. ದೋಣಿ ನಿಂತು ಹತ್ತು ಹನ್ನೆರಡು ವರ್ಷವಾಗಿದೆ.

"ಸದ್ದನ್ನೂ ನುಂಗುತ್ತೆ ಈ ಹಾಳಾದ್ದು. ತಟ್ಟೆ ಬಡಿದ್ರೂ ಕೇಳಲ್ಲ ಈಗ."

ಬಸ್ಸಿಲ್ಲವೇ ಎಂದು ಕೇಳುತ್ತೇನೆ. ಇದೆ. ಎರಡು ಕಡೆ ಬದಲಾಯಿಸಿ ಕೆರೆಯನ್ನು ಸುತ್ತು ಹಾಕಿದರೆ ಅರ್ಧ ದಿನದ ಹಾದಿ. ಫೋನಿಲ್ಲವೇ? ಅದೂ ಇದೆ. ದೋಣಿಯಕ್ಕ ನನ್ನನ್ನು ಕನಿಕರದಿಂದ ನೋಡುತ್ತಾರೆ.

"ಫೋನಲ್ಲಿ ಎಲ್ರೂ ಚೆನ್ನಾಗೇ ಇರ್ತಾರೆ ಮೇಡಂ. ಮುಖ ನೋಡಿದ್ರೆ ತಾನೆ ಗೊತ್ತಾಗೋದು? ಬಸ್ಸಲ್ಲಿ ಹೋದ್ರೆ ನೆಂಟರ ಥರ ಹೋಗ್ಬೇಕು. ಕೂತು ಎರಡು ಮಾತಾಡೋದ್ರೊಳಗೆ ಕೊನೇ ಬಸ್ಸಿನ ಚಿಂತೆ. ದೋಣೀಲಾದ್ರೆ ಒಲೆ ಮೇಲೆ ಇಟ್ಟಿದ್ದು ಕುದಿಯೋದ್ರೊಳಗೆ ಹೋಗಿ ಜಗಳ ಆಡ್ಕೊಂಡು ವಾಪಸ್ ಬರ್ತಿದ್ದೆ."

ಊರಿನ ನಸೀಬು ತಿರುಗಿದ್ದು ಕ್ಷೌರದಂಗಡಿಯಲ್ಲಿ. ಅಂಗಡಿಯ ಯಜಮಾನರೇ ಕೆರೆ ಸಮಿತಿಯ ಮುಖ್ಯಸ್ಥರು. ಹಳ್ಳಿಗಳು ತಾವೇ ಮುಂದೆ ನಿಂತು ತಮ್ಮ ನೀರು, ನೆಲ, ದುಡಿಮೆಯನ್ನು ಮತ್ತೆ ಎತ್ತಿ ನಿಲ್ಲಿಸಿಕೊಳ್ಳುವುದಾದರೆ ನೆರವು ಕೊಡುವ ಸಂಸ್ಥೆಯೊಂದು ಇದೆ ಎಂದು ಅವರ ಕಿವಿಗೆ ಬಿತ್ತು. 'ಸಮುದಾಯವೇ ಮುನ್ನಡೆಸುವ ಪರಿಸರ ಮತ್ತು ಆರ್ಥಿಕ ಪುನಶ್ಚೇತನಕ್ಕಾಗಿ ಅನುದಾನ' ಎಂದು ಅದರ ಪೂರ್ತಿ ಹೆಸರು. ಅಷ್ಟುದ್ದದ ಹೆಸರು ಇಲ್ಲಿ ಯಾರ ನಾಲಗೆಯಲ್ಲೂ ನಿಂತಿಲ್ಲ. 'ಕೆರೆ ದುಡ್ಡು' ಎನ್ನುತ್ತಾರೆ. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತವರೆಲ್ಲ ಬಾಯಿ ಹಾಕಿ ಹಾಕಿ ಅರ್ಜಿ ತಯಾರಾಯಿತು. ಎರಡು ಸಲ ತಿರಸ್ಕಾರವಾಗಿ ಮೂರನೇ ಸಲ ಒಪ್ಪಿಗೆ ಸಿಕ್ಕಿತು. ಮೂರು ಕಂತು. ಮೊದಲನೆಯದರಲ್ಲಿ ದಡ ಬಿಡಿಸಿ, ಕಿತ್ತ ಕಳೆಯ ದಂಟು ಒಣಗಿಸಿ ಚಾಪೆ, ಬುಟ್ಟಿ ಹೆಣೆಯುವ ಶೆಡ್ಡು ಕಟ್ಟಬೇಕು. ಎರಡನೆಯದರಲ್ಲಿ ಕೋಡಿಯವರೆಗೆ, ಅಂದರೆ ತುಂಬಿದ ನೀರು ಹೊರಗೆ ಹರಿಯುವ ಬಾಯಿಯವರೆಗೆ, ಕಳೆಯ ನಡುವೆ ಅಗಲವಾದ ದಾರಿ ಕಡಿಯಬೇಕು. ನೀರು ಓಡಾಡಿದರೆ ಕಳೆಯ ಸೊಕ್ಕು ಇಳಿಯುತ್ತದೆ. ಮೂರನೆಯದು ಬಂದ ಮೇಲೆ ಮುಂದಿನ ಕೂಲಿ, ಮೀನುಮರಿ ಮತ್ತು ಆಚೆ ದಡಕ್ಕೆ ದೋಣಿ.

ದೋಣಿ ಕಟ್ಟಕಡೆಗಿತ್ತು. ಎಡವಟ್ಟಾದದ್ದು ಅಲ್ಲೇ.

ಶೆಡ್ಡು ಎದ್ದಿತು. ರಸ್ತೆ ಕೆಲಸಕ್ಕೆ ಹೋದವರಲ್ಲಿ ಏಳೆಂಟು ಮನೆಯವರು ಹಿಂತಿರುಗಿದರು. ದೋಣಿಯಕ್ಕನ ಮಗಳೂ ಬಂದು ಈಗ ಬುಟ್ಟಿ ಹೆಣೆಯುತ್ತಿದ್ದಾಳೆ. ಎರಡನೇ ವರ್ಷ ದಾರಿ ಕಡಿಯುವ ಕೆಲಸ ಶುರುವಾದಾಗ ಮುಂದಿನ ದೋಣಿಯಲ್ಲಿ ನಿಂತವರು ದೋಣಿಯಕ್ಕನೇ. ಕೆರೆಯ ಮೈ ಬಲ್ಲವರು ಬೇರೆ ಯಾರಿದ್ದರು? ಕೋಡಿಯ ಕಡೆಗೆ ನೆಟ್ಟಿದ್ದ ಕೆಂಪು ಬಾವುಟದ ಕೋಲುಗಳನ್ನು ಕಳೆ ಒಂದೇ ತಿಂಗಳಲ್ಲಿ ಮುಚ್ಚಿಹಾಕಿತ್ತು. ಇವರು ಕಡಿಯುತ್ತ ಹೋದರು, ಮಿಕ್ಕವರು ಹಿಂದೆ ಹೋದರು. ದಾರಿ ಮೆಲ್ಲಗೆ ಕೋಡಿಯನ್ನು ಬಿಟ್ಟು, ಆಚೆ ದಡದ ಬಿಳಿ ಗೋಡೆಯ ಕಡೆಗೆ ವಾಲಿತು. ಮುಕ್ಕಾಲು ಕೆರೆ ದಾಟುವವರೆಗೂ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

"ನೋಡಿರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ" ಎನ್ನುತ್ತಾರೆ ಕ್ಷೌರದಂಗಡಿಯವರು, ಕತ್ತರಿ ಆಡಿಸುತ್ತಲೇ. "ದೋಣಿ ಓಡ್ತಿದ್ದಾಗ ವಾರಕ್ಕೊಂದು ದಿನ ಆಚೆ ದಡದಲ್ಲಿ ಕೂತು ಕಟಿಂಗ್ ಮಾಡ್ತಿದ್ದೆ ನಾನು. ನನ್ನ ಸ್ನೇಹಿತರೆಲ್ಲ ಅಲ್ಲೇ. ದಾರಿ ಆ ಕಡೆ ತಿರುಗಿದ್ದು ನೋಡಿ ಹೊಟ್ಟೇಲಿ ಏನೋ ಖುಷಿ ಆಯ್ತು. ಹೇಳೋಕೆ ಬಾಯೇ ಬರ್ಲಿಲ್ಲ."

ಬೇಸಿಗೆಯಲ್ಲಿ ಸಂಸ್ಥೆಯ ಅಧಿಕಾರಿ ಬಂದರು. ಎಳೆ ವಯಸ್ಸಿನ ಹೆಣ್ಣುಮಗಳು. ದೋಣಿಯಲ್ಲಿ ಕೂತು ಹೋಗುತ್ತ ಹೋಗುತ್ತ, "ಕೋಡಿ ಆ ಕಡೆ ಅಲ್ವಾ? ಇದ್ಯಾಕೆ ಈ ಕಡೆ ವಾಲಿದೆ?" ಎಂದು ಕೇಳಿದರು. ಒಬ್ಬರು ಗಾಳಿ ಎಂದರು. ಇನ್ನೊಬ್ಬರು ಅಲ್ಲಿ ಬೇರು ಗಟ್ಟಿ ಇತ್ತು ಎಂದರು. ದೋಣಿಯಕ್ಕ ಹುಟ್ಟು ಕೆಳಗಿಟ್ಟರು.

"ಗಾಳಿನೂ ಅಲ್ಲ, ಬೇರೂ ಅಲ್ಲ. ನಾನು ತಿರುಗಿಸಿದ್ದು. ನಮ್ಮಕ್ಕನ ಮನೆ ಅಲ್ಲಿದೆ."

ಈಗ ಅದನ್ನು ನೆನೆಸಿಕೊಂಡು ಇನ್ನೂ ಸ್ವಲ್ಪ ಸೇರಿಸುತ್ತಾರೆ. "ಮೊದ್ಲು ನಮ್ಮೋರ ಹತ್ರ ಕೈ ಅಭ್ಯಾಸ ಅಂತ ಹೇಳಿದ್ದೆ. ಅಷ್ಟು ವರ್ಷ ಅದೇ ಗೋಡೆ ನೋಡ್ಕೊಂಡು ಹುಟ್ಟು ಹಾಕಿದ ಕೈ, ತಾನಾಗೇ ಆ ಕಡೆ ಹೋಯ್ತು ಅಂತ. ಕೈನ ಯಾಕೆ ಬೈಯೋದು? ಬೆಳಗ್ಗೆ ಎದ್ದು ಆ ಗೋಡೆ ನೋಡ್ತಿದ್ದೆ, ಅದಕ್ಕೆ ಬೆನ್ನು ಹಾಕಿ ಕಡಿಯೋಕೆ ಮನಸ್ಸೇ ಬರ್ಲಿಲ್ಲ. ಆ ಆಫೀಸರ್ ಹುಡುಗಿ ಕಣ್ಣಲ್ಲಿ ನೀರು ಬಂತು ಅಂತ ಊರಲ್ಲಿ ಕಥೆ ಕಟ್ಟಿದಾರೆ. ನೀರೂ ಇಲ್ಲ, ಏನೂ ಇಲ್ಲ. 'ಹಾಗಾದ್ರೆ ಮೂರನೇ ಕಂತು ನಿಲ್ಲುತ್ತೆ ಅಮ್ಮ. ಮಳೆಗಾಲದೊಳಗೆ ಕೋಡಿ ಬಿಡಿಸಿ' ಅಂದ್ಲು. ಅವಳು ಹೇಳಿದ್ದು ನ್ಯಾಯಾನೇ."

ಮಳೆಗಾಲ ಹತ್ತಿರ ಬರುತ್ತಿದೆ. ಕೋಡಿ ಬಿಡಿಸದಿದ್ದರೆ ಕಂತಿಲ್ಲ. ಕಂತಿಲ್ಲದಿದ್ದರೆ ಕಡಿಯುವವರಿಗೆ ಕೂಲಿ ಇಲ್ಲ, ಶೆಡ್ಡಿಗೆ ದಂಟಿಲ್ಲ, ಮಗಳು ಮತ್ತೆ ರಸ್ತೆ ಕೆಲಸಕ್ಕೆ ಹೊರಡಬೇಕು. ಆದ್ದರಿಂದ ದೋಣಿಯಕ್ಕ ಈಗ ದಿನವೂ ಬೆಳಗ್ಗೆ ಬಿಳಿ ಗೋಡೆಗೆ ಬೆನ್ನು ಹಾಕಿ ನಿಂತು, ಕೋಡಿಯ ಕಡೆಗೆ ಕಡಿಯುತ್ತಿದ್ದಾರೆ. ಈ ಸಲ ಕೋಲುಗಳ ನಡುವೆ ಹಗ್ಗ ಎಳೆದು, ಖಾಲಿ ಡಬ್ಬಿ ತೇಲಿಬಿಟ್ಟಿದ್ದಾರೆ. ದಾರಿ ಅತ್ತಿತ್ತ ವಾಲುವಂತಿಲ್ಲ.

ಬಿಳಿ ಗೋಡೆಯ ಕಡೆಗೆ ಕಡಿದು ಬಿಟ್ಟ ದಾರಿ ಹಾಗೇ ಇರುವುದಿಲ್ಲ, ಮುಚ್ಚಿಕೊಳ್ಳುತ್ತದೆ. ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಅದನ್ನು ತೋರಿಸುತ್ತಾರೆ. ಎರಡು ದೋಣಿ ಅಕ್ಕಪಕ್ಕ ಹೋಗುವಷ್ಟು ಅಗಲವಿದ್ದದ್ದು ಈಗ ಒಂದಕ್ಕೇ ಇಕ್ಕಟ್ಟು. ಎರಡೂ ಬದಿಯಿಂದ ಹೊಸ ಎಲೆಗಳು ಮುಖ ತೂರಿಸಿವೆ, ಅಲ್ಲಲ್ಲಿ ಹೂವೂ ಬಿಟ್ಟಿದೆ. ಒಂದು ಕಡೆ ಪೂರ್ತಿ ಕೂಡಿಕೊಂಡುಬಿಟ್ಟಿದೆ. ಜೊತೆಗಾರರು ಕೆಲಸ ಮುಗಿದ ಮೇಲೆ ಇಲ್ಲೂ ನಾಲ್ಕು ತುಂಡು ಎಳೆದುಕೊಡುತ್ತೇವೆ ಎಂದರಂತೆ. ಇವರು ಬೇಡವೆಂದರು.

"ಅವರ ತೋಳೂ ನೋಯುತ್ತೆ. ಅವರಿಗೂ ಮನೆ ಇದೆ. ಊರಿನ ದುಡ್ಡನ್ನ ಒಂದ್ಸಲ ನನ್ನ ಆಸೆ ಕಡೆ ತಿರುಗಿಸಿ ಆಯ್ತಲ್ಲ, ಇನ್ನು ಬೇಡ." ದೋಣಿಯ ಅಂಚಿಗೆ ತಾಗಿದ ಹೊಸ ಎಲೆಯೊಂದನ್ನು ಕಿತ್ತೆಸೆದು ಹೇಳುತ್ತಾರೆ, "ನೋಡ್ಬಾರ್ದು ಅಂದ್ಕೊಳ್ತೀನಿ. ಆದ್ರೂ ದಿನಾ ಒಂದ್ಸಲ ನೋಡ್ತೀನಿ."

ಅಲ್ಲಿ ಕೂತಾಗ ನನಗೆ ತಡೆಯಲಾರದಷ್ಟು ಸಂಕಟವಾಯಿತು. ಅಷ್ಟು ಹತ್ತಿರವಿತ್ತು ಆ ಗೋಡೆ. ಅದರ ಕಿಟಕಿ ಕೂಡ ಕಾಣಿಸುತ್ತಿತ್ತು.

ಮರುದಿನ ನಾನೇ ಬಸ್ಸು ಹತ್ತಿದೆ. ಎರಡು ಕಡೆ ಬದಲಾಯಿಸಿ, ಸೊಂಟ ಬಿದ್ದುಹೋಗುವಷ್ಟು ಕುಲುಕಾಡಿ ಆಚೆ ದಡ ತಲುಪುವ ಹೊತ್ತಿಗೆ ಮಧ್ಯಾಹ್ನ. ಮನೆ ಹುಡುಕುವ ಕಷ್ಟವಾಗಲಿಲ್ಲ. ಮೂರು ಗೋಡೆಗಳ ಗಾರೆ ಉದುರಿದೆ. ಕೆರೆಯ ಕಡೆಯ ಗೋಡೆ ಮಾತ್ರ ಬೆಳ್ಳಗಿದೆ. ಪ್ರತಿವರ್ಷ ಅದೊಂದಕ್ಕೇ ಸುಣ್ಣ ಬಳಿಸುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದರು. ಒಳಗೆ ಯಾರೂ ಇರಲಿಲ್ಲ. ಮೆಟ್ಟಿಲ ಕಡೆಯಿಂದ ನೀರಿನ ಸದ್ದು ಕೇಳಿತು.

ಕೊನೆಯ ಮೆಟ್ಟಿಲ ಮೇಲೆ ಮಣೆ ಹಾಕಿಕೊಂಡು, ಊದಿದ ಎರಡೂ ಮೊಣಕಾಲು ಚಾಚಿಕೊಂಡು, ತಂಗಿಯದೇ ಮೂಗು, ತಂಗಿಯದೇ ದವಡೆ ಇರುವ ಮುದುಕಿಯೊಬ್ಬರು ಕೂತಿದ್ದರು. ಕೈಯಲ್ಲಿ ಉದ್ದನೆಯ ಬಿದಿರು, ತುದಿಯಲ್ಲಿ ಬಗ್ಗಿಸಿದ ಕಬ್ಬಿಣದ ಸಲಾಕೆ. ಅದನ್ನು ಕಳೆಗೆ ಸಿಕ್ಕಿಸುತ್ತಾರೆ, ಎಳೆಯುತ್ತಾರೆ, ಉಸಿರು ತೆಗೆದುಕೊಳ್ಳುತ್ತಾರೆ, ಮತ್ತೆ ಎಳೆಯುತ್ತಾರೆ. ಬದಿಯಲ್ಲಿ ಕಳೆಯ ಗುಡ್ಡೆ ಒಣಗುತ್ತಿತ್ತು. ಮೆಟ್ಟಿಲ ಮುಂದೆ, ಕೋಲು ಎಟುಕುವಷ್ಟು ದೂರ, ಬರಿನೀರು. ಅದರಲ್ಲಿ ಆಕಾಶ ಕಾಣುತ್ತಿತ್ತು.

ಈ ದಡಕ್ಕೆ ಯಾವ ಅನುದಾನವೂ ಬಂದಿಲ್ಲ. ಯಾರು ಮಾಡಲು ಹೇಳಿದರು ಎಂದು ಕೇಳಿದೆ.

"ಯಾರು ಹೇಳ್ಬೇಕು ಮಗಳೇ? ಅವಳು ಅಲ್ಲಿಂದ ಕಡ್ಕೊಂಡು ಬರ್ತಿದಾಳೆ. ಬಂದ್ರೆ ದೋಣಿ ನಿಲ್ಸೋಕೆ ಜಾಗ ಬೇಡ್ವಾ?"

ದಾರಿ ಈಗ ಕೋಡಿಯ ಕಡೆಗೆ ಹೋಗಿದೆ, ಇತ್ತ ಬರಲು ತಡವಾಗಬಹುದು ಎಂದು ಹೇಳಿದೆ. ಅವರಿಗೆ ಗೊತ್ತಿತ್ತು. ಫೋನಲ್ಲಿ ತಂಗಿ ಹೇಳಿದ್ದಳಂತೆ.

"ಊರ ಕೆಲಸ ಮುಗಿಸ್ಕೊಂಡೇ ಬರ್ಲಿ. ನಂದೇನು, ಬಿಟ್ರೆ ಮುಚ್ಕೊಳ್ಳುತ್ತೆ, ಅದಕ್ಕೇ ದಿನಾ ಸ್ವಲ್ಪ ಎಳೀತೀನಿ. ಅವಳಿಗೆ ಹೇಳ್ಬೇಡ, ಬೈತಾಳೆ."

ನಾನು ಹೇಳಿದೆ. ಹೇಳದೇ ಇರಲು ನನ್ನಿಂದಾಗಲಿಲ್ಲ.

ಇದನ್ನು ಬರೆಯುವ ಮುನ್ನ ಇನ್ನೊಂದು ಬೆಳಗ್ಗೆ ಈಚೆ ದಡಕ್ಕೆ ಹೋಗಿದ್ದೇನೆ. ದೋಣಿಯಕ್ಕ ದಡದಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದಾರೆ. ನಾನು ಕಂಡದ್ದನ್ನು ಕೇಳಿ ಮೊದಲು ಬೈಗುಳವೇ ಬರುತ್ತದೆ. "ಮೊಣಕಾಲು ಆ ಥರ ಇಟ್ಕೊಂಡು ಮೆಟ್ಟಿಲಿಳಿದು ಕೂತಿದಾಳಾ? ಜಾರಿ ಬಿದ್ರೆ ಯಾರು ಎತ್ತೋದು? ಅವಳಿಗೆ ಬುದ್ಧಿ ಯಾವಾಗ ಬರುತ್ತೋ!" ಮಸೆಯುವ ಕೈ ನಿಲ್ಲುತ್ತದೆ. ಬಹಳ ಹೊತ್ತು ಕೆರೆಯ ಆ ಕಡೆ ನೋಡುತ್ತಾರೆ. ಹಿಂದಿನ ದೋಣಿಯವರು ಹೊರಡೋಣವೇ ಎಂದು ಕೂಗುತ್ತಾರೆ. ಆಕೆ ಎದ್ದು, ಕುಡುಗೋಲನ್ನು ಕೋಲಿಗೆ ಕಟ್ಟಿಕೊಂಡು, ದೋಣಿಗೆ ಕಾಲಿಟ್ಟ ಮೇಲೆ ಕೇಳುತ್ತಾರೆ:

"ಎಷ್ಟು ಜಾಗ ಬಿಡಿಸಿದಾಳೆ?"

ಒಂದು ದೋಣಿ ನಿಲ್ಲುವಷ್ಟು ಎನ್ನುತ್ತೇನೆ.

"ತಿರುಗಿಸೋಕಾಗುತ್ತಾ?"

ಅಷ್ಟಿಲ್ಲ, ಬಂದ ದೋಣಿ ಹಿಂದಕ್ಕೆ ತಿರುಗಲಾರದು ಎನ್ನುತ್ತೇನೆ.

ದೋಣಿಯಕ್ಕ ಕೋಡಿಯ ಕಡೆಗೆ ದೋಣಿ ತಳ್ಳುತ್ತಾರೆ. ಮಂಜಿನೊಳಗೆ ಸೇರಿದ ಮೇಲೆ ಅವರ ದನಿ ಮಾತ್ರ ಬರುತ್ತದೆ.

"ಇರ್ಲಿ ಬಿಡಿ. ಅಲ್ಲಿಗೆ ಹೋದ ಮೇಲೆ ವಾಪಸ್ ಬರೋ ಅವಸರ ನನಗೇನಿಲ್ಲ."