ಸಾಲಿನಲ್ಲಿ ನಿಂತ ಚೀಲ

ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಬಟ್ಟೆಯ ಚೀಲ ನೇತಾಡುತ್ತಿದೆ. ಒಂದು ಕಾಲಕ್ಕೆ ಹಸಿರಾಗಿತ್ತು, ಈಗ ಯಾವ ಬಣ್ಣವೆಂದು ಹೇಳುವ ಧೈರ್ಯ ನನಗಿಲ್ಲ. ಬಳೇಪೇಟೆಯ ನಮ್ಮ ಬಳೆ ಅಂಗಡಿಯ ಹೆಸರು ಅದರ ಮೇಲೆ ಅಚ್ಚಾಗಿತ್ತು. ಉಳಿದಿರುವುದು ಎರಡು ಅಕ್ಷರ ಮತ್ತು ಅರ್ಧ ಬಳೆಯ ಚಿತ್ರ. ಹಿಡಿಯನ್ನು ಮೂರು ಸಲ ಹೊಲಿದಿದ್ದೇನೆ. ಬಿಸಾಡಬಾರದೇ ಎಂದು ನೀವು ಕೇಳಬಹುದು, ನನ್ನ ತಮ್ಮ ಮಹೇಶ ದಿನಾ ಕೇಳುತ್ತಾನೆ. ಆದರೆ ಈ ಮನೆಯಲ್ಲಿ ಸಾಲುಗಳಲ್ಲಿ ಅತಿ ಹೆಚ್ಚು ಹೊತ್ತು ನಿಂತ ಅನುಭವ ಇರುವುದು ಈ ಚೀಲಕ್ಕೆ, ಅದೂ ನನ್ನ ಬದಲಿಗೆ ನಿಂತದ್ದು. ಆದ್ದರಿಂದ ನಿವೃತ್ತಿಯ ಮಾತನ್ನು ನಾನು ಕಿವಿಗೆ ಹಾಕಿಕೊಂಡಿಲ್ಲ.

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ರೇಷನ್ ಡಿಪೋ ಒಂಬತ್ತಕ್ಕೆ ಬಾಗಿಲು ತೆರೆದರೆ ಏಳಕ್ಕೇ ಸಾಲು ಸಿದ್ಧವಾಗಿರುತ್ತಿತ್ತು. ಆ ಸಾಲಿನಲ್ಲಿ ಮನುಷ್ಯರೊಬ್ಬರೂ ಇರುತ್ತಿರಲಿಲ್ಲ. ಚೀಲಗಳು, ಸೀಮೆಎಣ್ಣೆ ಡಬ್ಬಗಳು, ಹಾರಿಹೋಗದಿರಲೆಂದು ಒಳಗೊಂದು ಕಲ್ಲು ಹೊತ್ತ ಬುಟ್ಟಿಗಳು, ಇವು ಒಂದರ ಹಿಂದೊಂದು ಶಿಸ್ತಾಗಿ ನಿಂತಿರುತ್ತಿದ್ದವು. ಅವುಗಳ ಯಜಮಾನ ಯಜಮಾನಿಯರು ಎದುರು ಮನೆಯ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತ, ಪಕ್ಕದ ಬೀದಿಯ ಸಂಸಾರಗಳನ್ನೂ ಅಷ್ಟೇ ಶ್ರದ್ಧೆಯಿಂದ ಸುಲಿಯುತ್ತ ಇರುತ್ತಿದ್ದರು. ಸಾಲು ಮುಂದೆ ಸರಿದಾಗ ಹತ್ತಿರವಿದ್ದವರು ಯಾರ ಚೀಲವಾದರೂ ಸರಿ, ಕಾಲಲ್ಲಿ ಒಂದಿಷ್ಟು ಮುಂದಕ್ಕೆ ತಳ್ಳುತ್ತಿದ್ದರು. ಚೀಲದ ಯಜಮಾನಿ ಬಸುರಿಯೋ, ಮುದುಕಿಯೋ, ಬರೀ ಸೋಮಾರಿಯೋ ಎಂದು ಯಾರೂ ವಿಚಾರಿಸಿದ್ದಿಲ್ಲ. ಇದೊಂದು ಸೌಲಭ್ಯವೆಂದು ಕೂಡ ಯಾರಿಗೂ ಹೊಳೆದಿರಲಿಲ್ಲ. ಸೌಲಭ್ಯಕ್ಕೆ ಒಂದು ಬೋರ್ಡು, ಒಂದು ಫಾರಂ ಮತ್ತು ರಿಬ್ಬನ್ ಕತ್ತರಿಸುವ ಒಬ್ಬ ದೊಡ್ಡ ಮನುಷ್ಯ ಬೇಕೆಂದು ನಾವು ಕಲಿತದ್ದು ಆಮೇಲೆ.

ನನ್ನ ಎಡಗಾಲಿಗೆ ಎರಡನೇ ವರ್ಷದಲ್ಲಿ ಪೋಲಿಯೊ ಬಂತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತೇನೆ, ಮೇಲೆ ಸೀರೆ ಇರುವುದರಿಂದ ಲೋಕಕ್ಕೆ ಕಾಣುವುದು ನಡಿಗೆ ಮಾತ್ರ. ನಡೆಯುವುದು ಕಷ್ಟವಲ್ಲ, ನಿಲ್ಲುವುದು ಕಷ್ಟ. ಚಿಕ್ಕಂದಿನಲ್ಲಿ ವಸ್ತುಪ್ರದರ್ಶನಕ್ಕೆ ಹೋದಾಗಲೆಲ್ಲ ಮನೆಯವರು ಜಯಂಟ್ ವೀಲ್ ಹತ್ತಲು ಸಾಲು ನಿಲ್ಲುತ್ತಿದ್ದರು, ನನ್ನನ್ನು ಕೆಳಗೊಂದು ಕಲ್ಲಿನ ಮೇಲೆ ಕೂರಿಸಿ ಎಲ್ಲರ ಚಪ್ಪಲಿ ಮತ್ತು ಈ ಚೀಲವನ್ನು ನನಗೆ ಒಪ್ಪಿಸುತ್ತಿದ್ದರು. "ಜೋಪಾನ ಕಣಮ್ಮಾ, ನೀನು ಜಾಣೆ" ಎನ್ನುತ್ತಿದ್ದಳು ಅಮ್ಮ. ಜಾಣತನಕ್ಕೆ ಸಿಕ್ಕ ಆ ಬಹುಮಾನವನ್ನು ನಾನು ಎಷ್ಟು ದ್ವೇಷಿಸುತ್ತಿದ್ದೆನೆಂದರೆ, ಒಮ್ಮೆ ಮಹೇಶನ ಒಂದು ಚಪ್ಪಲಿಯನ್ನು ಬೇಕೆಂದೇ ಕಳೆದಿದ್ದೇನೆ. ಐವತ್ತನಾಲ್ಕರ ಈ ವಯಸ್ಸಿನವರೆಗೆ ಆ ಚಕ್ರವನ್ನು ನಾನು ಕೆಳಗಿನಿಂದ ನೋಡಿದ್ದಷ್ಟೇ.

ಮಹೇಶನ ಮಗಳು ಸಿಂಚನಾಳಿಗೆ ಒಂಬತ್ತು ವರ್ಷ. ಶಾಲೆಯ ಪ್ರವಾಸದಲ್ಲಿ ಊರಾಚೆಯ ಒಂದು ದೊಡ್ಡ ಆಟದ ಪಾರ್ಕಿಗೆ ಹೋಗಿ, ಅಲ್ಲಿನ ಚಕ್ರದ ಮೆಟ್ಟಿಲಿನವರೆಗೆ ಬಂದು ಅತ್ತು ವಾಪಸಾಗಿದ್ದಳು. ತರಗತಿಯಲ್ಲಿ ಅದೊಂದು ದೊಡ್ಡ ನಗೆಯಾಗಿತ್ತಂತೆ. ರಜೆ ಮುಗಿಯುವುದರೊಳಗೆ ಹತ್ತಿಯೇ ಹತ್ತಬೇಕು, ಆದರೆ ಅತ್ತೆ ಪಕ್ಕದಲ್ಲಿ ಕೂತರೆ ಮಾತ್ರ ಎಂದು ಹಟ ಹಿಡಿದಳು. ಅಪ್ಪ ಯಾಕಾಗಬಾರದೆಂದರೆ, "ಅಪ್ಪ ಆಟೋದಲ್ಲೂ ಅಲ್ಲಾಡ್ತಾನೇ ಇರ್ತಾರೆ. ಅತ್ತೆ ಕೂತ್ರೆ ಅಲ್ಲಾಡಲ್ಲ" ಎಂದಳು. ನನ್ನ ಜೀವಮಾನದಲ್ಲಿ ನನ್ನ ಕಾಲಿಗೆ ಸಿಕ್ಕ ಇಂಥ ಪ್ರಶಂಸಾಪತ್ರ ಇನ್ನೊಂದಿಲ್ಲ. ಬರುತ್ತೇನೆ ಎಂದು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಆ ಪಾರ್ಕಿನಲ್ಲಿ ಅಂಗವಿಕಲರು ಸಾಲು ನಿಲ್ಲಬೇಕಾಗಿಲ್ಲ, ಹಳದಿ ಪಟ್ಟಿಯೊಂದನ್ನು ಮಣಿಕಟ್ಟಿಗೆ ಕಟ್ಟಿಸಿಕೊಂಡರೆ ಹೊರಹೋಗುವ ದಾರಿಯಿಂದ ನೇರ ಒಳಗೆ ಹೋಗಬಹುದೆಂದು ಮಹೇಶ ಮೊಬೈಲಿನಲ್ಲಿ ಕಂಡುಹಿಡಿದ. ಶುಭಸಮಾಚಾರವೇ. ಹೋದೆವು. ಸಾಲು ನಿಲ್ಲದಿರಲು ಬೇಕಾದ ಆ ಪಟ್ಟಿಯನ್ನು ಕೊಡುವ ಕೌಂಟರಿನ ಮುಂದೆ, ನೀವು ಆಗಲೇ ಊಹಿಸಿರುತ್ತೀರಿ, ಒಂದು ಸಾಲು ಇತ್ತು. ಕೌಂಟರಿಗೆ ನಾಲ್ಕು ಮೆಟ್ಟಿಲು. ಪಕ್ಕದಲ್ಲಿ ಗಾಲಿಕುರ್ಚಿಗಾಗಿ ಒಂದು ಇಳಿಜಾರೂ ಇತ್ತು, ಅದರ ಮೇಲೆ ಸ್ವಾಗತ ಕೋರುವ ದೊಡ್ಡ ದೊಡ್ಡ ಹೂಕುಂಡಗಳನ್ನು ಜೋಡಿಸಿದ್ದರು. ನಮ್ಮವರಿಗೆ ಖಾಲಿ ಜಾಗ ಕಂಡರೆ ಒಂದು ಕುಂಡ ಇಡದಿದ್ದರೆ ಸಮಾಧಾನವಿಲ್ಲ.

ನನ್ನ ಮುಂದೆ ಮೂವತ್ತರ ಸುಮಾರಿನ ಒಬ್ಬ ದಷ್ಟಪುಷ್ಟ ಗಂಡಸು ಹೆಂಡತಿಯ ಜೊತೆ ನಿಂತಿದ್ದ. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದೆ, ಮತ್ತೆ ಕಾಲಿನಿಂದ ತಲೆಯವರೆಗೆ ನೋಡಿದೆ. ಕೈಕಾಲೆಲ್ಲ ನೆಟ್ಟಗಿದ್ದವು. ಇವನಿಗೇನು ಧಾಡಿ, ಬಿಟ್ಟಿ ಸಿಕ್ಕುತ್ತದೆಂದು ಬಂದಿದ್ದಾನೆ ಎಂದು ಮಹೇಶನ ಕಿವಿಯಲ್ಲಿ ಹೇಳಿದೆ, ಆ ಗಂಡಸಿಗೂ ಕೇಳಲಿ ಎಂಬಷ್ಟು ಗಟ್ಟಿಯಾಗಿ. ಕೌಂಟರಿನ ಹುಡುಗಿ "ಸರ್‌ಗೆ ಏನ್ ಪ್ರಾಬ್ಲಂ?" ಎಂದಾಗ ಅವನ ಹೆಂಡತಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು, ನಾವೆಲ್ಲ ಕತ್ತು ಉದ್ದ ಮಾಡಿ ಕೇಳಿಸಿಕೊಳ್ಳಲು ನೋಡಿದೆವು. ಬದುಕಿಡೀ ಜನ ಮೊದಲು ನನ್ನ ಕಾಲನ್ನು, ಆಮೇಲೆ ಮುಖವನ್ನು ನೋಡಿದ್ದಾರೆಂದು ಗೊಣಗಿಕೊಂಡು ಬಂದವಳು ನಾನು. ಆ ಹೊತ್ತು ನನ್ನ ಕಣ್ಣಿಗೆ ಬಂದ ಶಕ್ತಿಗೆ ಸರ್ಕಾರ ನನ್ನನ್ನೇ ತಪಾಸಣಾಧಿಕಾರಿಯಾಗಿ ನೇಮಿಸಿಕೊಳ್ಳಬಹುದಿತ್ತು.

ನನ್ನ ಸರದಿ ಬಂತು. "ಎಷ್ಟು ಪರ್ಸೆಂಟ್ ಮೇಡಂ?" ಎಂದಳು ಹುಡುಗಿ. ನನ್ನ ಗುರುತಿನ ಚೀಟಿಯ ಪ್ರಕಾರ ನಾನು ಶೇಕಡಾ ನಲವತ್ತೈದು. ಯಾವ ನಲವತ್ತೈದು ಎಂಬುದು ನನಗೂ ಇದುವರೆಗೆ ತಿಳಿದಿಲ್ಲ. ಮೊಣಕಾಲಿನಿಂದ ಕೆಳಗೋ, ಮೆಟ್ಟಿಲು ಕಂಡಾಗ ಬರುವ ಸಿಟ್ಟನ್ನೂ ಸೇರಿಸಿಯೋ, ಅಥವಾ ಉಳಿದ ಐವತ್ತೈದನ್ನು ಸರ್ಕಾರ ನನ್ನ ಕೈಯಲ್ಲಿ ಬಿಟ್ಟಿದೆಯೋ, ಆ ಚೀಟಿಯಲ್ಲಿ ಬರೆದಿಲ್ಲ. ಹುಡುಗಿ ಮಾತ್ರ ಮರ್ಯಾದಸ್ಥಳು, ನಗುತ್ತಲೇ ಹಳದಿ ಕಾಗದದ ಪಟ್ಟಿಯನ್ನು ಅಂಟಿಸಿ "ಎಂಜಾಯ್ ಮಾಡಿ ಮೇಡಂ" ಎಂದಳು.

ಮಹೇಶ, ಸಿಂಚನಾ, ನಾನು ಹೊರಹೋಗುವ ದಾರಿಯಿಂದ, ಇಳಿದು ಬರುವವರಿಗೆಲ್ಲ ಅಡ್ಡವಾಗುತ್ತ, ಚಕ್ರದ ಬುಡಕ್ಕೆ ಬಂದೆವು. ಆಟ ನಡೆಸುವ ಯುವಕ ನನ್ನ ಮಣಿಕಟ್ಟು ನೋಡಿ ಕೈ ಅಡ್ಡ ಹಿಡಿದ.

"ಈ ಬ್ಯಾಂಡ್ ಇರೋರಿಗೆ ಈ ರೈಡ್ ಇಲ್ಲ ಮೇಡಂ. ಸೇಫ್ಟಿ ರೂಲ್ಸು."

"ಹಾಗಾದ್ರೆ ಬ್ಯಾಂಡ್ ಯಾಕಪ್ಪಾ ಕೊಟ್ರು?"

"ನೀವು ಕ್ಯೂ ನಿಲ್ಲೋದು ಬೇಡ ಅಂತ ಮೇಡಂ."

"ಕ್ಯೂ ನಿಲ್ದೆ ಎಲ್ಲೀವರೆಗೆ ಬರ್ಬೋದು?"

ಅವನು ಸ್ವಲ್ಪ ಯೋಚಿಸಿ, ಪ್ರಾಮಾಣಿಕವಾಗಿ ಹೇಳಿದ: "ಇಲ್ಲೀವರೆಗೆ."

ಆ ಪಟ್ಟಿಯವರಿಗೆ ಇದ್ದದ್ದು ಎರಡು ಆಟ. ಒಂದು ಪುಟಾಣಿ ರೈಲು. ಇನ್ನೊಂದು ಕನ್ನಡಿಮನೆ, ಅಲ್ಲಿ ಎಲ್ಲರ ಕಾಲೂ ಸೊಟ್ಟಗೆ ಕಾಣುತ್ತದೆ. ಸಮಾನತೆಯನ್ನು ಅವರು ಅಲ್ಲಿಗೆ ಸೀಮಿತಗೊಳಿಸಿದ್ದರು. ಯೋಚಿಸಿ ನೋಡಿ, ಆ ಚಕ್ರದಲ್ಲಿ ಮನುಷ್ಯ ಮಾಡಬೇಕಾದ ಕೆಲಸ ಕೂರುವುದು. ಓಡುವುದಿಲ್ಲ, ಜಿಗಿಯುವುದಿಲ್ಲ, ಎರಡು ಮೆಟ್ಟಿಲು ಹತ್ತಿ ಕೂತರೆ ಮುಂದಕ್ಕೊಂದು ಕಬ್ಬಿಣದ ಸರಳು ಹಾಕುತ್ತಾರೆ. ಕೂರುವುದರಲ್ಲಿ ನನಗೆ ನೂರಕ್ಕೆ ನೂರು. ಗಂಟೆಗಟ್ಟಲೆ ನಿಲ್ಲುವುದು ನನ್ನಿಂದಾಗದ ಕೆಲಸ, ಅದರಿಂದ ನನಗೆ ವಿನಾಯಿತಿ ಕೊಟ್ಟು, ನನ್ನಿಂದಾಗುವ ಒಂದೇ ಕೆಲಸವನ್ನು ಕಿತ್ತುಕೊಂಡಿದ್ದರು. ಸಿಂಚನಾ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು, ಅವಳು ಅಳುವ ಮೊದಲು ಹಾಗೆ ಮಾಡುತ್ತಾಳೆ.

ಮಹೇಶನಿಗೆ ಲೋಕದ ಎಲ್ಲ ಅನ್ಯಾಯಕ್ಕೂ ದೂರಿನ ಪುಸ್ತಕದಲ್ಲಿ ಮದ್ದಿದೆಯೆಂಬ ನಂಬಿಕೆ. ಅವನು ಆಫೀಸಿನ ಕಡೆ ದುಡುದುಡು ಹೋದ. ನಾನು ಪರ್ಸಿನಿಂದ ನೇಲ್‌ಕಟರ್ ತೆಗೆದು ಹಳದಿ ಪಟ್ಟಿಯನ್ನು ಕತ್ತರಿಸಿ ಕಸದ ಡಬ್ಬಕ್ಕೆ ಹಾಕಿ, ಸಿಂಚನಾಳ ಕೈಹಿಡಿದು ಸಾಮಾನ್ಯ ಪ್ರಜೆಗಳ ಸಾಲಿನ ಬಾಲಕ್ಕೆ ಹೋಗಿ ನಿಂತೆ. ಒಂದು ಗಂಟೆಯ ಸಾಲು, ತಗಡಿನ ಚಪ್ಪರದ ಕೆಳಗೆ ಸರಳುಗಳ ನಡುವೆ ಹಾವಿನಂತೆ ಸುತ್ತಿತ್ತು. ಹತ್ತು ನಿಮಿಷಕ್ಕೆ ಸೊಂಟ ಬಿದ್ದುಹೋಯಿತು. ಇನ್ನು ಐದು ನಿಮಿಷ ನಿಂತರೆ ನೆಲಕ್ಕೆ ಬೀಳುತ್ತಿದ್ದೆ, ಮತ್ತೆ ಹಳದಿ ಪಟ್ಟಿ ಕಟ್ಟುತ್ತಿದ್ದರು. ಆಗ ಚಾಮರಾಜಪೇಟೆಯ ಹೆಂಗಸು ಮಾಡಬೇಕಾದ್ದನ್ನೇ ಮಾಡಿದೆ. ಹೆಗಲಿಗೆ ಹಾಕಿಕೊಂಡು ಬಂದಿದ್ದ ಈ ಹಳೇ ಚೀಲವನ್ನು ನನ್ನ ಜಾಗದಲ್ಲಿ ನೆಲದ ಮೇಲಿಟ್ಟು, ಸಿಂಚನಾಳನ್ನು ಕರೆದುಕೊಂಡು ಹೋಗಿ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಕೂತೆ.

ಸಾಲು ಸರಿಯಿತು, ಚೀಲ ಸರಿಯಲಿಲ್ಲ. ಹಿಂದಿದ್ದ ಇಬ್ಬರು ಯುವಕರು ಅದನ್ನು ದಾಟಿ ಮುಂದೆ ಹೋದರು. ಕಾಲ ಕೆಟ್ಟಿತು ಎಂದುಕೊಳ್ಳುವಷ್ಟರಲ್ಲಿ, ದೊಡ್ಡ ಕುಂಕುಮದ ಒಬ್ಬ ಹೆಂಗಸು ಮಕ್ಕಳು ಮೊಮ್ಮಕ್ಕಳ ಸಮೇತ ಬಂದವಳು ಚೀಲವನ್ನು ನೋಡಿದಳು, ಸುತ್ತ ನೋಡಿದಳು, ಕಟ್ಟೆಯ ಮೇಲಿದ್ದ ನನ್ನನ್ನು ನೋಡಿದಳು. ಕಲಾಸಿಪಾಳ್ಯದಲ್ಲಿ ಈರುಳ್ಳಿ ಮಂಡಿಯಂತೆ ಅವರದು, ಆಮೇಲೆ ತಿಳಿಯಿತು. "ಕೂತ್ಕಳಿ ಅಕ್ಕಾ, ನಾನ್ ತಳ್ತೀನಿ" ಎಂದು ಕಾಲಿನಿಂದ ಚೀಲವನ್ನು ಮುಂದಕ್ಕೆ ತಳ್ಳಿದಳು. ನಲವತ್ತು ವರ್ಷದ ಹಿಂದಿನ ಆ ಸದ್ದು, ಬಟ್ಟೆ ನೆಲಕ್ಕೆ ಉಜ್ಜುವ ಸದ್ದು, ಕೇಳಿ ನನಗೆ ಕಣ್ಣು ತುಂಬಿ ಬಂತು.

ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ. ಲಾಠಿ ಹಿಡಿದ ಸೆಕ್ಯುರಿಟಿಯವನೊಬ್ಬ ಬಂದು, ಚೀಲದಿಂದ ಮೂರು ಅಡಿ ದೂರ ನಿಂತು, ಅದು ಈಗಲೋ ಆಗಲೋ ಸಿಡಿಯುವುದೆಂಬಂತೆ ಕೇಳಿದ: "ಯಾರ್ದು ಇದು? ಯಾರೂ ಇಲ್ದೆ ಬ್ಯಾಗ್ ಬಿಡಂಗಿಲ್ಲ."

"ಯಾರೂ ಇಲ್ಲ ಅಂತ ಯಾರ್ ಹೇಳಿದ್ದು?" ಎಂದಳು ಈರುಳ್ಳಿ ಮಂಡಿಯವಳು. "ಅಕ್ಕ ಅಲ್ಲಿ ಕೂತವ್ರೆ, ಅವರ ಚೀಲ ಇಲ್ಲಿ ನಿಂತದೆ. ನಿಮಗೇನ್ ಬೇಕು?"

ಅವನಿಗೆ ಒಳಗೇನಿದೆ ಎಂದು ನೋಡಬೇಕಿತ್ತು. ನಾನು ಕುಂಟುತ್ತ ಹೋಗಿ ತೆಗೆದು ತೋರಿಸಿದೆ: ನೀರಿನ ಬಾಟಲಿ, ಟವೆಲು, ಮತ್ತು ಗೇಟಿನ ತಪಾಸಣೆಯಲ್ಲಿ ಟವೆಲಿನ ಅಡಿ ಅಡಗಿ ಪಾರಾಗಿ ಬಂದಿದ್ದ ಒಂದು ಪೊಟ್ಟಣ ಕೋಡುಬಳೆ. ಬಾಂಬು ಸಿಕ್ಕಿದ್ದರೂ ಅವನು ಅಷ್ಟು ಗಂಭೀರನಾಗುತ್ತಿರಲಿಲ್ಲ. ಹೊರಗಿನ ತಿಂಡಿ ಒಳಗೆ ನಿಷಿದ್ಧ, ಒಪ್ಪಿಸಿಬಿಡಿ ಎಂದ. ಮಂಡಿಯವಳು ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಚ್ಚಿ, ಮೊಮ್ಮಕ್ಕಳಿಗೆ, ಹಿಂದಿನವರಿಗೆ, ಚೀಲ ದಾಟಿ ಹೋಗಿದ್ದ ಆ ಇಬ್ಬರು ಯುವಕರಿಗೂ ಒಂದೊಂದು ಹಂಚಿ, ಕೊನೆಯದನ್ನು ಅವನಿಗೇ ಕೊಟ್ಟಳು. "ತಿನ್ನಿ ಸಾರ್. ಇನ್ನೇನ್ ಒಪ್ಪಿಸೋದು, ಖಾಲಿ ಆಯ್ತಲ್ಲ." ಅವನು ಆಚೀಚೆ ನೋಡಿ ತಿಂದ. ಆಮೇಲೆ ಚೀಲ ಮುಂದಕ್ಕೆ ಹೋದದ್ದು ನಾಲ್ಕಾರು ಜನರ ಕಾಲಿನಿಂದ, ಕೋಡುಬಳೆ ತಿಂದ ಆ ಯುವಕರದ್ದೂ ಸೇರಿ.

ಚಕ್ರದ ಮೆಟ್ಟಿಲ ಬಳಿ ಆಟ ನಡೆಸುವ ಅದೇ ಯುವಕನಿದ್ದ. ನನ್ನ ಮುಖ ನೋಡಿದ, ಬರಿದಾದ ಮಣಿಕಟ್ಟು ನೋಡಿದ. ನಿಯಮ ಇದ್ದದ್ದು ಪಟ್ಟಿಗೆ, ಪಟ್ಟಿ ಇರಲಿಲ್ಲ. "ನಿಧಾನ ಹತ್ತಿ ಮೇಡಂ" ಎಂದು ಮೊಣಕೈ ಹಿಡಿದು ಹತ್ತಿಸಿದ. ಚೀಲ ಮೇಲೆ ಒಯ್ಯುವಂತಿಲ್ಲವೆಂದು ಅದನ್ನು ಕೆಳಗಿನ ಕಂಬಕ್ಕೆ ನೇತುಹಾಕಿದ. ಸಿಂಚನಾ ನನ್ನ ಎಡಗಾಲಿಗೆ, ಅದರ ಕಬ್ಬಿಣಕ್ಕೆ, ತನ್ನ ಕಾಲು ಒತ್ತಿಕೊಂಡು ಕೂತಳು. ನಾವು ಮೇಲಕ್ಕೆ ಹೋದೆವು. ಅವಳು ಅಳಲಿಲ್ಲ. ತುತ್ತತುದಿಯಲ್ಲಿ ಕಣ್ಣು ಬಿಟ್ಟು, "ಅತ್ತೆ, ನೀವ್ಯಾಕೆ ಅಳ್ತಿದೀರಾ?" ಎಂದು ಕೇಳಿದಳು. ಗಾಳಿಗೆ ಎಂದೆ. ಕೆಳಗೆ ನನ್ನ ಚೀಲ ನನಗಾಗಿ ಕಾದಿತ್ತು.

ಇಳಿಯುವಾಗ ಜನ ಹತ್ತಿಸಿಕೊಳ್ಳಲು ಚಕ್ರವನ್ನು ನಿಲ್ಲಿಸಿದರು. ನಮ್ಮ ತೊಟ್ಟಿಲು ಹೊರದಾರಿಯ ಬೆಂಚಿನ ನೇರಕ್ಕೆ, ಒಂದಾಳೆತ್ತರದಲ್ಲಿ ನಿಂತಿತು. ಬೆಂಚಿನ ಮೇಲೆ ಕೌಂಟರಿನಲ್ಲಿ ಕಂಡಿದ್ದ ಆ ದಷ್ಟಪುಷ್ಟ ಗಂಡಸು ಕೂತಿದ್ದ. ಕಂಬದ ಮೇಲಿನ ಸ್ಪೀಕರು ಹಾಡನ್ನು ಕಿರುಚುತ್ತಿತ್ತು. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಹಿಂದೆ ಮುಂದೆ ತೂಗುತ್ತಿದ್ದ. ಹೆಂಡತಿ ಅವನ ಕೈಗಳ ಮೇಲೆ ತನ್ನ ಕೈಗಳನ್ನೂ ಒತ್ತಿ ಹಿಡಿದು ನಿಂತಿದ್ದಳು. ಅವಳ ಮಣಿಕಟ್ಟು ಖಾಲಿ, ಅವನದರಲ್ಲಿ ಹಳದಿ ಪಟ್ಟಿ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ಗುರುತು ಹಿಡಿದಳು. ನನಗೆ ನಾಚಿಕೆಯಾಯಿತು. ನಾವು ಇಳಿದು ಅತ್ತ ಹೋಗುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು, ಹೇಳಬೇಕಾದ ಮಾತು ನನ್ನಲ್ಲೇ ಉಳಿಯಿತು. ಮಹೇಶ ಸಂಜೆ ಸಿಕ್ಕಿದ. ದೂರಿನ ಪುಸ್ತಕಕ್ಕೂ ಸಾಲು ಇತ್ತಂತೆ.

ಇದೆಲ್ಲ ಆಗಿ ಎರಡು ವಾರ. ಮೊನ್ನೆ ಮೊಳೆಯಿಂದ ಚೀಲ ಇಳಿಸಿಕೊಂಡು ಡಿಪೋಗೆ ಹೋದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಕೆಟ್ಟಿತ್ತು, ಸಾಲು ನಿಂತಿತ್ತು. ನನ್ನ ಮುಂದೆ ಮನುಷ್ಯರಿರಲಿಲ್ಲ, ಒಂದು ನೀಲಿ ಪ್ಲಾಸ್ಟಿಕ್ ಬುಟ್ಟಿ ಇತ್ತು, ಒಳಗೊಂದು ಕಲ್ಲು. ಸ್ವಲ್ಪ ಹೊತ್ತಿಗೆ ಯಂತ್ರ ಸರಿಯಾಗಿ ಸಾಲು ಸರಿಯಿತು. ಬುಟ್ಟಿಯ ಒಡೆಯರು ಯಾರೆಂದು ಜಗಲಿಯ ಕಡೆ ಕತ್ತು ತಿರುಗಿಸಹೋದವಳು ತಡೆದುಕೊಂಡೆ. ಬಲಗಾಲನ್ನು ಗಟ್ಟಿಯಾಗಿ ಊರಿ, ಶೇಕಡಾ ನಲವತ್ತೈದರ ಎಡಗಾಲನ್ನು ಎಳೆದು ತಂದು, ಅದರಿಂದಲೇ ಬುಟ್ಟಿಯನ್ನು ಮುಂದಕ್ಕೆ ತಳ್ಳಿದೆ. ಅದರ ಹಿಂದೆ ನನ್ನ ಚೀಲವನ್ನಿಟ್ಟು ಹೋಗಿ ಕೂತೆ.