ಕಟ್ಟಿಗಿ ಅಗದು ಹೆಸರ ಹೇಳಂವ

ಹೋದ ವಾರ ಆಳಂದದ ನಮ್ಮ ಮನಿ ಕಿಟಕಿ ಚೌಕಟ್ಟು ರಿಪೇರಿ ಮಾಡಾಕ ಒಬ್ಬಂವ ಬಂದಿದ್ದ. ಹಳೇ ಬೇವಿನ ಚೌಕಟ್ಟು. ಕರೆಂಟಿನ ಮಷೀನ ಹಚ್ಚಿ ಹೆರಿಯಾಕತ್ತಿದ್ದಕ್ಕ ಅಂಗಳ ತುಂಬ ಕಹಿ ವಾಸನಿ. ಒಂದು ಹೆರಕಲು ಹಾರಿ ಬಂದು ನನ್ನ ಕಾಲಾಗ ಬಿತ್ತು. ನಾ ಅದನ್ನ ಎತ್ತಿ, ಊದಿ, ಬಾಯಾಗ ಇಟಗೊಂಡು ಅಗದೆ. ಸೊಸಿ ಅಡಗಿಮನಿ ಬಾಗಲದಾಗ ನಿಂತು ನೋಡಿ, ಗಂಡಗ ಫೋನ ಮಾಡಿ, ಮಾವನೋರು ಕಟ್ಟಿಗಿ ತಿನ್ನಾಕತ್ಯಾರ ಅಂತ ಹೇಳಿದಳು. ಹೇಳಲಿ. ಈ ವಯಸ್ಸಿನಾಗ ಮನಿ ಮಂದಿಗಿ ನನ್ನ ಬಗ್ಗೆ ಒಂದಿಷ್ಟು ಅಂಜಿಕಿ ಇರಬೇಕು.

ಆ ಚಟ ನಂಗ ಹಚ್ಚಿದಂವ ಅಫಜಲಪುರದ ಒಬ್ಬ ಬಡಿಗೇರ...

ಎಂಬತ್ತನೇ ಇಸ್ವಿ ಆಸುಪಾಸಿನ ಮಾತು. ನಾ ಬಸ್ ಕಂಡಕ್ಟರ ಇದ್ದೆ. ಆಳಂದ, ಅಫಜಲಪುರ, ಜೇವರ್ಗಿ, ಇದ ನನ್ನ ರಾಜ್ಯ. ಈ ಮೂರು ತಾಲೂಕಿನಾಗ ನನ್ನ ಕೈಯಾಗ ಮೋಸ ಹೋಗಲಾರದ ಮನಷ್ಯಾ ಇರಲಿಲ್ಲ. ಗಾಣಗಾಪುರದ ಒಬ್ಬ ಪೂಜಾರಿಗಿ ಅವನ ಊರಿನ ದಾರಿನೇ ಕೇಳಿ ಕೇಳಿ, ಕಡೀಕ ಅವನೇ ದಾರಿ ತಪ್ಪೋಹಂಗ ಮಾಡಿದಂವ ನಾ. ಸುಳ್ಳ ಹೇಳೋದೂ ಒಂದು ಕಸಬು. ನನ್ನಷ್ಟು ಸಫಾಯಿಯಿಂದ ಅದನ್ನ ಮಾಡಿದವರು ಕಡಿಮಿ.

ಆ ಬಡಿಗೇರ ನನಗಿಂತ ಒಂದಿಷ್ಟು ದೊಡ್ಡಂವ. ನಾ ಅಣ್ಣಾ ಅಂತಿದ್ದೆ, ಅವ ನಂಗ ಕಂಡಕ್ಟರ್ಯಾ ಅಂತಿದ್ದ. ಬಸ್ ಸ್ಟ್ಯಾಂಡಿನ ಹಿಂದ ಅವನ ಮನಿ, ಮನಿ ಮುಂದಿನ ಕಟ್ಟಿನೇ ಅವನ ಕಾರಖಾನಿ. ಯಾವ ಕಟ್ಟಿಗಿ ಕೊಟ್ಟರೂ ಒಂದು ಹೆರಕಲು ತಗದು ಬಾಯಾಗ ಹಾಕ್ಕೊಂಡು, ಕಣ್ಣ ಮುಚ್ಚಿ ಅಗದು ಹೆಸರ ಹೇಳತಿದ್ದ. ಬೇವು ಅಂತ ಯಾರ ಬೇಕಾದರೂ ಹೇಳ್ಯಾರು. ಅದು ಬಾವಿ ದಂಡಿ ಬೇವೋ, ಒಣ ಹೊಲದ ಬೇವೋ ಅಂತ ಹೇಳಂವ ಅವನೊಬ್ಬನೇ. ಹೇಳಿ ಆದ ಮ್ಯಾಲ ಮೀಸಿ ತಿರುವತಿದ್ದ. ಬಡಾಯಿ ಒಳಗ ನನಗೇನೂ ಕಡಿಮಿ ಇರಲಿಲ್ಲ ಅವ.

ನಂಗ ಅದ ಸಹನ ಆಗತಿರಲಿಲ್ಲ. ಬಸ್ಸಿನ ಟಪ್ಪಿನ ಮ್ಯಾಲ ಎಲ್ಲೆಲ್ಲಿದೋ ಕಟ್ಟಿಗಿ ತರತಿದ್ದೆ. ಸೇಬುಹಣ್ಣಿನ ಪೆಟಗಿ ಹಲಗಿ ಕೊಟ್ಟೆ. ಚಳಿ ದೇಶದ ಕಟ್ಟಿಗಿ, ಅಂಟ ಇರತದ ಇದರಾಗ ಅಂದ. ಮುರದ ಕ್ರಿಕೆಟ್ ಬ್ಯಾಟಿನ ಚೂರು ಕೊಟ್ಟೆ. ಭಾಳ ಹೊತ್ತು ಅಗದ. ಇದು ನಮ್ಮ ಕಡಿ ಗಿಡ ಅಲ್ಲ, ನೀರ ಕುಡಕೊಂತ ಬೆಳದದ್ದು, ಮ್ಯಾಲ ಯಾರೋ ಎಣ್ಣಿ ಕುಡಿಸ್ಯಾರ ಅಂದ. ಭೀಮಾ ನದಿ ಹಳೇ ದೋಣಿ ಹಲಗಿ ತಂದು ಕೊಟ್ಟಾಗಂತೂ, ಥೂ, ಮೀನ ತಿನಸಾಕ ಬಂದಿ ಏನಲೇ ಅಂತ ಉಗಳಿದ. ಅವರು ಲಿಂಗಾ ಕಟ್ಟಿದ ಮಂದಿ, ಹೋಗಿ ಬಾಯಿ ತೊಳಕೊಂಡು ಬಂದ ಮ್ಯಾಲ ನನ್ನ ಕೂಡ ಮಾತಾಡಿದ.

ಆದ್ರ ಒಂದು ಕಟ್ಟಿಗಿ ಮಾತ್ರ ಅವ ಬಾಯಾಗ ಇಟ್ಟಿರಲಿಲ್ಲ. ಅದು ಅವನ ರಂದಾದ್ದು.

ರಂದಾ ಅಂದ್ರ ಹಲಗಿ ಹೆರದು ನುಣ್ಣಗ ಮಾಡೋ ಹತಾರ. ಅವನ ಮುತ್ಯಾಂದು ಅದು. ಕೈ ಬೆವರ ಕುಡದು ಕುಡದು ಕಪ್ಪಗ ಮಿಂಚತಿತ್ತು. ಅದರ ಮೈ ಅರಬಸ್ತಾನದ ಹಡಗಿನ ಕಂಬದ್ದಂತ. ನಿಜಾಮನ ಕಾಲದಾಗ ಒಬ್ಬ ಜಾಗೀರದಾರ, ಬಾಗಲ ಕೆತ್ತಿದ್ದಕ್ಕ ಮೆಚ್ಚಿ, ಅವನ ಮುತ್ಯಾಗ ಆ ತುಂಡು ಕೊಟ್ಟಿದ್ದನಂತ. ಈ ಕಥಿ ನಾ ಎಷ್ಟು ಸಲ ಕೇಳೀನೋ... ಮುತ್ಯಾ ಇವನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡು ಹೇಳತಿದ್ದನಂತ. ಹಂಗಾದ್ರ ಅದನ್ನೂ ಒಮ್ಮಿ ಅಗದು ನೋಡಣ್ಣಾ ಅಂತ ಕೆಣಕಿದ್ರ ಸಿಟ್ಟಾಗತಿದ್ದ. ಮಾನೌಮಿಗಿ ಕುಂಕುಮ ಹಚ್ಚಿ ಪೂಜಿ ಮಾಡೋ ಹತಾರಕ್ಕ ಉಳಿ ಹಚ್ಚಬಾರದು, ಹಲ್ಲಂತೂ ಹಚ್ಚಲೇಬಾರದು, ಮುತ್ಯಾನ ಕೈ ಕಚ್ಚಿದಂಗ ಅದು ಅಂತಿದ್ದ.

ಒಂದು ಬ್ಯಾಸಗಿ ದಿನ ನಾ ಅಲ್ಲೇ ಚಹಾ ಕುಡಕೊಂತ ಕುಂತಿದ್ದೆ. ಅವ ರಂದಾದ ಅಲಗು ಬಿಗಿ ಮಾಡಾಕ ಬೆಣಿ ಮ್ಯಾಲ ಒಂದು ಪೆಟ್ಟು ಜೋರಾಗಿ ಹಾಕಿದ. ರಂದಾದ ಮೈ ಟಪ್ ಅಂತ ಸೀಳಿತು. ಒಂದು ಚೂರು ಕೆಳಗ ಬಿತ್ತು. ಅವ ಆ ಚೂರು ಎತಗೊಂಡು ಒಳಗ ಹೋದ. ದೇವರ ಜಗಲಿ ಮ್ಯಾಲ ಇಡಾಕ ಹೋಗ್ಯಾನ ಅಂದುಕೊಂಡೆ.

ಅವತ್ತಿಂದ ಕೆಲಸ ಬಂದ್. ಹೊಸಾ ಮೈ ಮಾಡಿಕೋ ಅಂತ ಎಲ್ಲರೂ ಹೇಳಿದರು. ಅದ ಹಡಗಿನ ಕಟ್ಟಿಗಿ ಸಿಕ್ಕರ ಮಾಡತೇನಿ, ಇಲ್ಲಂದ್ರ ಇಲ್ಲ ಅಂದ. ನನಗೂ ಹುಡಕಾಕ ಹೇಳಿದ. ಮಂದಿ ಕೂರಗಿ, ಕುಂಟಿ ರಿಪೇರಿಗಿ ಬಂದು ಬಂದು ವಾಪಸ್ ಹೋದರು. ಇವ ಕಟ್ಟಿ ಮ್ಯಾಲ ಕುಂತು ರೋಡ ನೋಡತಿದ್ದ. ಮೀಸಿ ತಿರುವೋದೂ ಬಿಟ್ಟ.

ಒಂದು ದಿನ ಅವನ ಹೆಂಡತಿ ನಾ ಟಿಕೆಟ್ ಹರಿಯಾಕತ್ತಿದ್ದಲ್ಲೇ ಬಸ್ ಸ್ಟ್ಯಾಂಡಿಗಿ ಬಂದಳು. ನಾ ಆಕಿಗಿ ವೈನಿ ಅಂತಿದ್ದೆ. ಯಾವಾಗಲೂ ನನ್ನ ಕಾಲ ಎಳಿಯೋ ಹೆಣಮಗಳು, ಅವತ್ತು ನಗಲಿಲ್ಲ.

"ಮೂರು ತಾಲೂಕಿನ ಮಂದಿಗಿ ಟೊಪಗಿ ಹಾಕ್ತೀರಿ," ಅಂದಳು. "ನಿಮ್ಮ ಅಣ್ಣಗ ಒಂದು ಸಲ ಹಾಕ್ರಿ. ಉಣ್ಣವಲ್ಲ, ಮಾತಾಡವಲ್ಲ. ನಂಗ ಅಂಜಿಕಿ ಬರಾಕತ್ತದ."

ಸರಿ. ನರೋಣಾದಾಗ ನಮ್ಮ ಹೊಲದ ಬದುವಿನ ಮ್ಯಾಲ ಒಂದು ಬಾರಿಹಣ್ಣಿನ ಗಿಡ ಒಣಗಿ ಬಿದ್ದಿತ್ತು. ಗಟ್ಟಿ ಕಟ್ಟಿಗಿ. ಒಳ್ಳೇ ತುಂಡು ನೋಡಿ ಕೊಯಿಸಿದೆ. ಕುಸಬಿ ಎಣ್ಣ್ಯಾಗ ನೆನಿ ಹಾಕಿದೆ, ಒಲಿ ಮ್ಯಾಲ ಹೊಗಿಗಿ ನೇತ ಹಾಕಿದೆ, ಉಪ್ಪಿನ ನೀರಾಗ ಅದ್ದಿದೆ. ಸಮುದ್ರದ್ದು ಅಂದ ಮ್ಯಾಲ ಉಪ್ಪ ಬ್ಯಾಡೇನು? ಕಡೀಕ ಅದು ನಮ್ಮ ಗಿಡಾ ಅಂತ ನಂಗೇ ಗುರತ ಸಿಗದಂಗಾತು.

ಒಯ್ದು ಅವನ ಮುಂದ ಇಟ್ಟು ಕಥಿ ಸುರು ಮಾಡಿದೆ. ಜೇವರ್ಗಿ ಕಡಿ ಒಂದು ಹಳೇ ವಾಡೆ ಕೆಡವಾಕತ್ಯಾರ. ಅದರ ತೊಲಿ ಇದು. ನಿಜಾಮನ ಫೌಜಿನಾಗಿನ ಒಬ್ಬ ಅರಬ್ಬಿ ತನ್ನ ಹಡಗು ಒಡದಾಗ ಕಂಬ ಬಿಡಲಾರದ ಬಂಡಿ ಮ್ಯಾಲ ಹಾಕ್ಕೊಂಡು ಬಂದಿದ್ದ. ಆ ವಾಡೆದಾಗಿನ ಮುದುಕಿ ಪ್ರತಿ ಅಮಾಸಿಗಿ ತೊಲಿಗಿ ಮೂಗ ಹಚ್ಚಿ ಅಳತಿದ್ದಳು, ನಾ ಆಕಿ ಕಾಲಿಗಿ ಬಿದ್ದು ಇಷ್ಟು ಇಸಗೊಂಡು ಬಂದೇನಿ. ಹೇಳಿಕೊಂತ ನನ್ನ ಕಣ್ಣಾಗೂ ನೀರು. ನಾ ಅಲ್ಲೀತನಾ ಸಮುದ್ರನೇ ನೋಡಿರಲಿಲ್ಲ.

ಅವ ಒಂದು ಹೆರಕಲು ತಗದು ಬಾಯಾಗ ಇಟ್ಟ. ಕಣ್ಣ ಮುಚ್ಚಿದ. ನಾ ಬೆವರ ಒರಸಿಕೊಂಡೆ. ಬಾಗಲದಾಗ ವೈನಿ. ಅಗದ... ಅಗದ... ಉಗಳಲಿಲ್ಲ, ನುಂಗಿದ.

"ಹೌದಲೇ. ಇದ ಅದು."

ಮರದಿನಾನೇ ಹೊಸಾ ಮೈ ಮಾಡಿದ. ಹಳೇ ಅಲಗು ಅದರಾಗ ಕೂಡಿಸಿದ. ಕಟ್ಟಿ ಮ್ಯಾಲ ಮತ್ತ ಹೆರಕಲು ಬಿದ್ದವು, ಮೀಸಿ ಮ್ಯಾಲಾತು. ನಾನೂ ಎದಿ ಉಬ್ಬಿಸಿಕೊಂಡು ತಿರಗಿದೆ. ಮೋಸ ಹೋಗಲಾರದಂವಗ ಮೋಸ ಮಾಡೇನಿ ಅಂತ ಆಳಂದ ಡಿಪೋದಾಗ ಗೊತ್ತಿಲ್ಲದವರು ಯಾರೂ ಉಳೀಲಿಲ್ಲ.

ತೊಂಬತ್ತನೇ ಇಸ್ವಿ ದಾಟಿದ ಮ್ಯಾಲ ಅವಗ ಮೈಯಾಗ ಆರಾಮ ತಪ್ಪಿತು. ನೋಡಾಕ ಹೋದೆ. ಹಲ್ಲ ಹೋಗಿದ್ದವು. ಅಂವ ನಗಲಿ ಅಂತ, ಅಣ್ಣಾ, ಹಲ್ಲ ಇಲ್ಲ, ಇನ್ನ ಕಚ್ಚಾಂಗಿಲ್ಲ ನೀ, ಅದಕ್ಕ ಹೇಳತೇನಿ, ಆ ಕಟ್ಟಿಗಿ ನಮ್ಮ ಹೊಲದ ಬಾರಿ ಅಂದೆ.

ನಕ್ಕ. ನಕ್ಕು ಕೆಮ್ಮಿದ.

"ಬಾಯಾಗ ಇಟ್ಟಾಗೇ ಗೊತ್ತಾತಲೇ ಕಂಡಕ್ಟರ್ಯಾ. ಮುತ್ಯಾನ ರಂದಾನೂ ಬಾರೀನೇ ಇತ್ತು. ಒಡದ ದಿನಾ ಆ ಚೂರು ಒಳಗ ಒಯ್ದು ಅಗದೆ. ಹಡಗೂ ಇಲ್ಲ, ಅರಬ್ಬಿನೂ ಇಲ್ಲ."

ಮತ್ತ ನಂಗ್ಯಾಕ ಅಷ್ಟು ಅಡ್ಡಾಡಿಸಿದಿ ಅಂತ ಕೇಳಿದೆ.

"ಸಿಗಲಾರದ್ದು ಅಂತನೇ ಹುಡಕಾಕ ಹಚ್ಚಿದೆ. ಕಟ್ಟಿಗಿ ಇಲ್ಲಂತ ಕುಂತಿರಲಿಲ್ಲ ನಾ. ಮುತ್ಯಾ ನನ್ನ ಮುಂದ ಸುಳ್ಳ ಹೇಳ್ಯಾನ ಅಂತ ಕುಂತಿದ್ದೆ." ಸ್ವಲ್ಪ ಉಸರ ತೊಗೊಂಡ. "ನೀ ಬಂದು ಅದ ಸುಳ್ಳ ಹೇಳಿದಿ. ಬೆವತು, ಅತ್ತು ಹೇಳಿದಿ. ನಿನ್ನ ಮಾರಿ ನೋಡಿದೆ... ಮುತ್ಯಾನೂ ನನ್ನ ಮ್ಯಾಲಿನ ಮಾಯಾ ಪ್ರೀತಿಗೇ ಹೇಳಿರಬೇಕು ಅನಸ್ತು. ಎದ್ದೆ."

ವೈನಿ ಒಳಗಿಂದ ಚಹಾ ತಂದಳು, ಮೂರೂ ಮಂದಿ ಕುಡದಿವಿ. ಮುಂದಿನ ಸಲ ಬಸ್ ತೊಗೊಂಡು ಆ ಕಡಿ ಹೋಗೂದರಾಗ ಅವ ಇರಲಿಲ್ಲ...

ಸೊಸಿ ಫೋನ ಮಾಡಿದ ಮರದಿನ, ಯಾರಿಗೂ ಹೇಳದ ಅಫಜಲಪುರಕ್ಕ ಹೋಗಿ ಬಂದೆ. ವೈನಿ ತೀರಿಕೊಂಡು ಭಾಳ ವರ್ಷಾತು. ಆ ಜಾಗಾದಾಗ ಈಗ ಪಂಕ್ಚರ್ ಅಂಗಡಿ. ನಾ ನಿಂತು ನೋಡೋದು ಕಂಡು ಅಂಗಡಿಯಂವ, ಏನ್ರಿ ಯಜಮಾನ್ರ, ಇಲ್ಲಿ ಮೊದಲ ಯಾರಿದ್ದರು ಅಂತ ಕೇಳಿದ. ಬಾಯಿ ತಗದೆ. ನಿಜಾಮಾ, ಜಾಗೀರದಾರ, ಹಡಗು, ಏನ ಬೇಕಾದರೂ ಹೇಳಬಹುದಿತ್ತು, ಅವ ನಂಬತಿದ್ದ.

"ನಮ್ಮ ಅಣ್ಣ ಒಬ್ಬ ಇದ್ದನ್ರಿ," ಅಂದೆ. "ಬಡಿಗೇರ."